ಹೊಸಕೋಟೆಯಲ್ಲಿ ಕೂತು ನೋಡಿದ ಆಕಾಶ

ಕಳೆದ ಪುಷ್ಯ ಮಾಸದ ಅಮಾವಾಸ್ಯೆಯ ರಾತ್ರಿ, ಹೊಸಕೋಟೆ ತಾಲ್ಲೂಕಿನ ನಮ್ಮೂರ ಮನೆಯ ತಾರಸಿಯ ಮೇಲೆ ಟ್ರೈಪಾಡ್ ನಿಲ್ಲಿಸಿ ಮಹಾವ್ಯಾಧ ನಕ್ಷತ್ರಪುಂಜದ ಫೋಟೊ ತೆಗೆದೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ಲೆನ್ಸ್ ಅದರ ಜೊತೆಗೇ ಬಂದ 18-55 ಮಿ.ಮೀ.ನದು. ಶಟರ್ ಹದಿನೈದು ಸೆಕೆಂಡು ತೆರೆದಿರುವಂತೆ ಇಟ್ಟಿದ್ದೆ. ಅದಕ್ಕಿಂತ ಹೆಚ್ಚಾದರೆ ಭೂಮಿ ತಿರುಗುವುದರಿಂದ ಚುಕ್ಕಿಗಳು ಗೀಟುಗಳಾಗುತ್ತವೆ. ಚಿತ್ರ ನೋಡಿದರೆ ಆಕಾಶ ಕಪ್ಪಗಿರಲಿಲ್ಲ, ತೆಳು ಓಕುಳಿಯಂತೆ ಕೆಂಪಗಿತ್ತು. ಪಶ್ಚಿಮಕ್ಕೆ ಬೆಂಗಳೂರಿನ ಬೆಳಕು, ವಾಯವ್ಯಕ್ಕೆ 2008ರಲ್ಲಿ ದೇವನಹಳ್ಳಿ ಬಳಿ ಶುರುವಾದ ವಿಮಾನ ನಿಲ್ದಾಣದ ಬೆಳಕು.

ಇದೇ ತಾಲ್ಲೂಕಿನಲ್ಲಿ, ಶಿಡ್ಲಘಟ್ಟ ರಸ್ತೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ 'ಕ್ರೆಸ್ಟ್' ಕೇಂದ್ರವಿದೆ. 2001ರಿಂದ ಖಗೋಳ ವಿಜ್ಞಾನಿಗಳು ರಾತ್ರಿ ಅಲ್ಲಿ ಕೂತು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಕಣ್ಣು ಹಿಮಾಲಯದಲ್ಲಿ, ನೋಡುವವರು ಹೊಸಕೋಟೆಯಲ್ಲಿ. ಇವೆರಡೂ ಇಷ್ಟು ದೂರವಾದದ್ದು ಹೇಗೆ? ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ ಪ್ರಶ್ನೆ ಇದು.

ಕಥೆ ಹವ್ಯಾಸದಿಂದಲ್ಲ, ಹಸಿವಿನಿಂದ ಶುರುವಾಗುತ್ತದೆ. 1876-78ರ ಬರ ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು ಸೀಮೆಯನ್ನೂ ಬರಿದು ಮಾಡಿತು. ನಮ್ಮ ಕಡೆ ಅದು ಧಾತು-ಈಶ್ವರ ಸಂವತ್ಸರಗಳ ಬರ. ಮುಂಗಾರಿಗೂ ಸೂರ್ಯನ ವರ್ತನೆಗೂ ಏನಾದರೂ ಸಂಬಂಧವಿರಬಹುದೇ ಎಂಬ ಯೋಚನೆಗೆ ಆಗ ಬಲ ಬಂತು. ಮದ್ರಾಸಿನಲ್ಲಿ 1792ರಿಂದಲೂ ವೀಕ್ಷಣಾಲಯವಿತ್ತು. ಆದರೆ ಸೂರ್ಯನನ್ನು ಅಭ್ಯಸಿಸಲು ಎತ್ತರದ, ಶುಭ್ರವಾದ ಗಾಳಿ ಬೇಕಿತ್ತು. ಹಾಗಾಗಿ 1899ರಲ್ಲಿ ಕೊಡೈಕೆನಾಲ್ ಬೆಟ್ಟದ ಮೇಲೆ ಕೆಲಸ ಆರಂಭವಾಯಿತು. ಅಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಫೋಟೊ ತೆಗೆಯಲಾಗಿದೆ. ದಶಕಗಳ ಕಾಲ ಗಾಜಿನ ಫಲಕ ಹಾಗೂ ಫಿಲ್ಮುಗಳ ಮೇಲೆ ಮೂಡಿದ ಆ ಚಿತ್ರಗಳು ಈಗ ಡಿಜಿಟಲ್ ರೂಪಕ್ಕೆ ಬಂದಿವೆ.

ರಾತ್ರಿಯ ಆಕಾಶಕ್ಕೆ ಬೇರೆ ಜಾಗ ಬೇಕಾಯಿತು. ವೈನು ಬಾಪು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವೆ, ಊರ ದೀಪಗಳಿಂದ ದೂರವಿದ್ದ ಕಾವಲೂರನ್ನು ಆರಿಸಿದರು. 1968ರಲ್ಲಿ 38 ಸೆಂ.ಮೀ. ದೂರದರ್ಶಕದಿಂದ ಅಲ್ಲಿ ವೀಕ್ಷಣೆ ಶುರುವಾಯಿತು. 1988ರಲ್ಲಿ ಆರ್. ರಾಜಮೋಹನ್ ಅಲ್ಲಿನ ಶ್ಮಿಟ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಒಂದು ಕ್ಷುದ್ರಗ್ರಹ ಸಿಕ್ಕಿತು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟರು. ಇಂಥ ಹುಡುಕಾಟದ ರೀತಿ ಸರಳ: ಸ್ವಲ್ಪ ಹೊತ್ತು ಬಿಟ್ಟು ಒಂದೇ ಜಾಗದ ಎರಡು ಚಿತ್ರ ತೆಗೆಯಬೇಕು. ನಕ್ಷತ್ರಗಳು ಕದಲಿರುವುದಿಲ್ಲ, ಕ್ಷುದ್ರಗ್ರಹ ಕದಲಿರುತ್ತದೆ.

ಮುಂದಿನ ಜಾಗ ಹಾನ್ಲೆ. ಸುಮಾರು 4,500 ಮೀಟರ್ ಎತ್ತರ, ಒಣ ಗಾಳಿ, ಕಡುಕತ್ತಲು. ಅಲ್ಲಿನ ದೂರದರ್ಶಕ ಮೊದಲ ಬಾರಿ ಕಣ್ಣು ತೆರೆದದ್ದು 2000ದ ಸೆಪ್ಟೆಂಬರಿನಲ್ಲಿ. ವಾತಾವರಣ ತಡೆಯುವ ನೇರಳಾತೀತ ಕಿರಣಗಳನ್ನು ಹಿಡಿಯಲು ಭೂಮಿಯನ್ನೇ ಬಿಡಬೇಕಾಯಿತು. 2015ರಲ್ಲಿ ಆಸ್ಟ್ರೋಸ್ಯಾಟ್ ಹೊತ್ತೊಯ್ದ ನೇರಳಾತೀತ ದೂರದರ್ಶಕ ಸಿದ್ಧವಾದದ್ದೂ ಹೊಸಕೋಟೆಯ ಇದೇ ಆವರಣದಲ್ಲಿ.

ಹವ್ಯಾಸಿಗಳೂ ಹೀಗೇ ದೂರ ದೂರ ಹೋಗುತ್ತಿದ್ದೇವೆ. ಆದರೆ ಹಾನ್ಲೆ ಇನ್ನೊಂದು ದಾರಿ ತೋರಿಸಿದೆ. 2022ರ ಡಿಸೆಂಬರಿನಲ್ಲಿ ದೂರದರ್ಶಕದ ಸುತ್ತಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಿದರು. ಅಲ್ಲಿ ಬೆಳಕು ಆಕಾಶಕ್ಕೆ ಚೆಲ್ಲದಂತೆ ದೀಪಗಳಿಗೆ ಮರೆ ಕಟ್ಟುತ್ತಾರೆ, ಕಿಟಕಿಗಳಿಗೆ ಪರದೆ ಇಳಿಬಿಡುತ್ತಾರೆ. ಬಂದವರಿಗೆ ಆಕಾಶ ತೋರಿಸಲು ಊರಿನವರೇ ತರಬೇತಿ ಪಡೆದಿದ್ದಾರೆ.

ಇದನ್ನು ಅಜ್ಜಿಗೆ ಹೇಳಿದೆ. "ಕರೆಂಟು ಬರ್ಲಿ ಅಂತ ನಾವು ಹರಕೆ ಹೊತ್ತಿದ್ವಿ ಕಣಮ್ಮ. ಕತ್ಲಲ್ಲಿ ಹಾವು ತುಳಿದೋರನ್ನ ನೀನು ನೋಡಿಲ್ಲ" ಅಂದಳು. ಅವಳ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಬೆಳಕು ನಮ್ಮೂರಿಗೆ ಸುಲಭವಾಗಿ ಬಂದದ್ದಲ್ಲ. ಆದರೆ ಹಾವು ಕಾಣಲು ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕಲ್ಲ.

ಮರುದಿನ ಎಣ್ಣೆಡಬ್ಬದ ತಗಡು ಕತ್ತರಿಸಿ ಅಂಗಳದ ಬಲ್ಬಿಗೆ ಟೋಪಿ ಮಾಡಿದೆ. ಅಜ್ಜಿ ಮೆಟ್ಟಿಲಿಳಿದು ನೋಡಿ, "ನೆಲ ಚೆನ್ನಾಗೇ ಕಾಣುತ್ತೆ" ಅಂದಳು. ಆ ರಾತ್ರಿ ಎಂಬತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿದೆ. ಬೆಂಗಳೂರಿನ ಕೆಂಪು ಹಾಗೇ ಇತ್ತು. ಮಹಾವ್ಯಾಧನ ಕತ್ತಿಯ ಬಳಿ ಮಾತ್ರ ನೀಹಾರಿಕೆ, ಉಸಿರು ತಾಗಿದ ಗಾಜಿನ ಮಬ್ಬಿನಷ್ಟು, ಕಂಡಿತು.