ಹದಿನಾರು ಆಣೆಯ ಬೆಳೆ: ವಿಜಯಪುರ ಸೀಮೆಯಲ್ಲಿ ಬರವನ್ನು ಅಳೆದ ಬಗೆ

ಸಹ್ಯಾದ್ರಿಯ ಮಳೆನೆರಳಿಗೆ ಸಿಕ್ಕ ವಿಜಯಪುರ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆಯಾದರೂ, ಅಲ್ಲಿನ ಒಕ್ಕಲಿಗರು ಬರದ ಭಯವನ್ನು ವರ್ಷದ ಒಟ್ಟು ಮಳೆಯಿಂದ ಲೆಕ್ಕ ಹಾಕಿದವರಲ್ಲ. ಎರೆಭೂಮಿಯ ಹಿಂಗಾರಿ ಬಿಳಿಜೋಳ ಮೊಳೆಯುವುದು ಹುಬ್ಬಿ, ಉತ್ತರಿ, ಹಸ್ತ ನಕ್ಷತ್ರಗಳ ಕೆಲವೇ ವಾರಗಳ ಮಳೆಯ ಬಲದಿಂದ. ಆದ್ದರಿಂದ ಯಾವ ಮಳೆ ತಪ್ಪಿತು, ನೆಲದೊಳಗೆ ತೋಡಿ ಕಾಳು ತುಂಬಿಡುವ ಕಣಜವಾದ ಹಗೇವಿನಲ್ಲಿ ಎಷ್ಟು ತಿಂಗಳ ಜೋಳ ಉಳಿದಿದೆ ಎಂಬ ಎರಡು ಪ್ರಶ್ನೆಗಳಲ್ಲೇ ಅವರ ಅಂದಾಜು ಅಡಗಿತ್ತು. ಬರಹಕ್ಕಿಳಿಯದ ಈ ಲೆಕ್ಕ ಹಾನಿಗೆ ಮೊದಲೇ ಅಪಾಯವನ್ನು ಕಾಣುತ್ತಿತ್ತು ಎಂಬುದನ್ನು ಮರೆಯಲಾಗದು.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆಗಳು ಕೈಕೊಟ್ಟಾಗ ಈ ಸೀಮೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಾಗಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಸತ್ತವರೊಂದಿಗೆ ಊರು ಬಿಟ್ಟವರೂ ಈ ಇಳಿಕೆಯಲ್ಲಿ ಸೇರಿದ್ದಾರೆ. ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರ ತನ್ನ ವರದಿಯಲ್ಲಿ, ಬೆಳೆ ಕೆಟ್ಟಾಗ ಮೊದಲು ಕುಸಿಯುವವರು ಕೂಲಿ ಕಳೆದುಕೊಂಡ ಭೂಹೀನರು ಎಂಬುದನ್ನು ಸರಿಯಾಗಿಯೇ ಗುರುತಿಸಿತು. ಅದರ ಫಲವಾಗಿ ಬಂದ ಕ್ಷಾಮ ಸಂಹಿತೆಗಳು, ಎಂದರೆ ಬರದಲ್ಲಿ ಅಧಿಕಾರಿಗಳು ಅನುಸರಿಸಬೇಕಾದ ನಿಯಮಗಳ ಗ್ರಂಥಗಳು, ಧಾನ್ಯದ ಬೆಲೆಯೇರಿಕೆಯನ್ನೂ ಜನರ ಅಲೆದಾಟವನ್ನೂ ಮುನ್ಸೂಚನೆಗಳೆಂದು ಪರಿಗಣಿಸಿದವು. ಅಷ್ಟರಿಂದಲೂ ಖಚಿತವಾಗದಿದ್ದರೆ ಕಡಿಮೆ ಕೂಲಿಯ ಪರೀಕ್ಷಾ ಕಾಮಗಾರಿಯನ್ನು ತೆರೆದು, ಎಷ್ಟು ಜನ ಬರುತ್ತಾರೆಂದು ನೋಡುವ ಕ್ರಮವಿತ್ತು. ಹಸಿದವರ ದೇಹವನ್ನೇ ಅಳತೆಗೋಲು ಮಾಡಿಕೊಂಡ ಈ ಕ್ರಮ ಕ್ರೂರವಾದುದು.

ಆದರೆ ಹಳ್ಳಿಯ ಮಟ್ಟದಲ್ಲಿ ಬರವನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ಆಣೇವಾರಿ. ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲದಲ್ಲಿ, ಒಳ್ಳೆಯ ವರ್ಷದ ಬೆಳೆಯನ್ನು ಹದಿನಾರು ಆಣೆಯೆಂದು ಹಿಡಿದು, ಆ ವರ್ಷದ ಬೆಳೆ ಎಷ್ಟು ಆಣೆಯದೆಂದು ಕಂದಾಯದ ನೌಕರರು ಕಣ್ಣಂದಾಜಿನಲ್ಲಿ ನಮೂದಿಸುವ ಪದ್ಧತಿ ಇದು. ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆಯಾದರೆ ಕಂದಾಯದ ವಸೂಲಿಯನ್ನು ಮುಂದೂಡುವುದು ಮುಂಬಯಿ ಪ್ರಾಂತದ ನಿಯಮವಾಗಿದ್ದುದರಿಂದ, ಅಂದಾಜಿನ ಒಂದೆರಡು ಆಣೆಗಳಲ್ಲಿ ರೈತನ ಸಂಸಾರವೂ ಸರಕಾರದ ಬೊಕ್ಕಸವೂ ಎದುರುಬದುರಾಗಿ ನಿಲ್ಲುತ್ತಿದ್ದವು. ಅದೇ ಪ್ರಾಂತದ ಗುಜರಾತಿನ ಖೇಡಾದಲ್ಲಿ, 1918ರಲ್ಲಿ, ಬೆಳೆ ನಾಲ್ಕಾಣೆಗಿಂತ ಕಡಿಮೆಯೆಂದು ರೈತರೂ ಹೆಚ್ಚೆಂದು ಅಧಿಕಾರಿಗಳೂ ವಾದಿಸಿದ್ದೇ ಗಾಂಧೀಜಿಯವರ ಸತ್ಯಾಗ್ರಹಕ್ಕೆ ಕಾರಣವಾಯಿತು. ಅಂದಾಜು ಮಾಡುವವನೇ ವಸೂಲಿಗೂ ಹೊಣೆಗಾರನಾಗಿದ್ದುದು ಈ ಪದ್ಧತಿಯ ಮೂಲದೋಷ. ಜೊತೆಗೆ ಕೊಯ್ಲು ಸಮೀಪಿಸುವವರೆಗೆ ಅಂಕಿ ಸ್ಥಿರವಾಗುತ್ತಿರಲಿಲ್ಲವಾದ್ದರಿಂದ, ಅದು ಅಪಾಯವನ್ನಲ್ಲ, ಆಗಿಹೋದ ನಷ್ಟವನ್ನು ಅಳೆಯುತ್ತಿತ್ತು. ಹೊಲವಿಲ್ಲದವನಿಗಂತೂ ಅದರಲ್ಲಿ ಸ್ಥಾನವೇ ಇರಲಿಲ್ಲ.

ಆಣೆಯ ನಾಣ್ಯ ಹೋದ ಮೇಲೂ ಈ ಅಂದಾಜಿನ ಪದ್ಧತಿ ದೇಶದ ಹಲವೆಡೆ ದಶಕಗಳ ಕಾಲ ಉಳಿಯಿತು. ಕರ್ನಾಟಕವು 1988ರಲ್ಲಿ ಬರ ನಿಗಾ ಕೋಶವನ್ನು ಸ್ಥಾಪಿಸಿದ್ದು ಮಹತ್ವದ ತಿರುವು. ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಈ ಸಂಸ್ಥೆಯ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಿಗೂ ತಲುಪಿ, ಯಾವ ಊರಿಗೆ ಹಸ್ತದ ಮಳೆ ತಪ್ಪಿತೆಂಬುದನ್ನು ಆಯಾ ವಾರವೇ ಹೇಳಬಲ್ಲವಾದವು. ಕೇಂದ್ರ ಸರಕಾರದ 2016ರ ಬರ ಕೈಪಿಡಿಯು ಮಳೆಯ ಕೊರತೆಯ ಜೊತೆಗೆ ಬಿತ್ತನೆಯ ಪ್ರಮಾಣ, ಮಣ್ಣಿನ ತೇವಾಂಶ, ಉಪಗ್ರಹಗಳು ತೋರಿಸುವ ಹಸಿರಿನ ಸೂಚ್ಯಂಕ, ಜಲಾಶಯ ಮತ್ತು ಅಂತರ್ಜಲದ ಮಟ್ಟಗಳನ್ನು ಪರಿಶೀಲಿಸುವಂತೆ ವಿಧಿಸಿತು. ಕಣ್ಣಂದಾಜಿಗಿಂತ ಇವು ಎಷ್ಟೋ ನಂಬಲರ್ಹವಾದವು. ಆದರೂ ಕೆಲಸ ಹುಡುಕಿ ಊರು ಬಿಡುವ ಗುಳೆ ಈ ಪ್ರಧಾನ ಸೂಚಕಗಳ ಸಾಲಿನಲ್ಲಿಲ್ಲ; 1880ರ ಆಯೋಗವೇ ಗುರುತಿಸಿದ್ದ ಭೂಹೀನ ಕೂಲಿಯವನನ್ನು ಬರದ ಅಳತೆ ಇಂದಿಗೂ ಹೊಲದ ಮೂಲಕವಷ್ಟೇ ನೋಡುತ್ತಿದೆ.