ಬಹುಪೀಳಿಗೆ ಕಚೇರಿ ವಿನ್ಯಾಸ

ಬಹುಪೀಳಿಗೆ ಕಚೇರಿ ವಿನ್ಯಾಸ: ಬೇರೆ ಬೇರೆ ವಯಸ್ಸಿನ ನೌಕರರು ಒಂದೇ ಸೂರಿನಡಿ ಅನುಕೂಲವಾಗಿ ದುಡಿಯುವಂತೆ ಜಾಗ, ಪೀಠೋಪಕರಣ, ಬೆಳಕು ಮತ್ತು ಸದ್ದನ್ನು ಅಳವಡಿಸುವ ಕ್ರಮ; ಒಳಾಂಗಣ ವಿನ್ಯಾಸ ಹಾಗೂ ಎರ್ಗೊನಾಮಿಕ್ಸ್‌ಗೆ (ಕೆಲಸದ ಜಾಗವನ್ನು ದುಡಿಯುವವರ ದೇಹಕ್ಕೆ ಹೊಂದಿಸುವ ಶಾಸ್ತ್ರ) ಸಂಬಂಧಿಸಿದ ವಿಷಯ.

1950ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಗೋಡೆಗಳಿಲ್ಲದ ಕಚೇರಿ ರೂಪುಗೊಂಡಿತು. 1968ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಮಾರುಕಟ್ಟೆಗೆ ತಂದ, ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ ಬಿಡಿಭಾಗಗಳ ವ್ಯವಸ್ಥೆ ಮುಂದೆ ಕ್ಯೂಬಿಕಲ್‌ಗೆ, ಅಂದರೆ ಅಡ್ಡಹಲಗೆಗಳಿಂದ ಬೇರ್ಪಡಿಸಿದ ಪುಟ್ಟ ಕೆಲಸದ ಜಾಗಕ್ಕೆ, ಮೂಲವಾಯಿತು. ಕ್ಯೂಬಿಕಲ್‌ಗಳು ಸಾಮಾನ್ಯವಾಗಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಮೇಜು ಕೊಟ್ಟವು; ಬಹುಪೀಳಿಗೆ ವಿನ್ಯಾಸವಾದರೋ ವಯಸ್ಸಿನ ವ್ಯತ್ಯಾಸವನ್ನು ಗಮನಿಸುತ್ತದೆ.

ಉದಾಹರಣೆಗೆ, ಕೆನಡಾದ ಟೊರಾಂಟೊ ಮಹಾನಗರ ಪ್ರದೇಶದಲ್ಲಿ ಬಹುಪೀಳಿಗೆ ವಿನ್ಯಾಸಕ್ಕೆ ಕಾನೂನಿನ ಒತ್ತಾಸೆಯಿದೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 65ನೇ ವಯಸ್ಸಿಗೆ ಕಡ್ಡಾಯ ನಿವೃತ್ತಿ 2006ರ ಡಿಸೆಂಬರ್ 12ರಂದು ಬಹುತೇಕ ಉದ್ಯೋಗಗಳಲ್ಲಿ ಕೊನೆಗೊಂಡಿತು. ಇದರಿಂದ ಇಪ್ಪತ್ತರ ಹರೆಯದವರೂ ಎಪ್ಪತ್ತರ ಆಸುಪಾಸಿನವರೂ ಸಹೋದ್ಯೋಗಿಗಳಾಗುವುದು ಸುಲಭವಾಯಿತು. ಪ್ರಾಂತ್ಯದ 2005ರ ಅಂಗವಿಕಲರ ಸುಗಮ್ಯತಾ ಕಾಯ್ದೆ 2025ರೊಳಗೆ ಪ್ರಾಂತ್ಯವನ್ನು ತಡೆರಹಿತಗೊಳಿಸುವ ಗುರಿ ಇಟ್ಟುಕೊಂಡಿತ್ತು.

ಮುಖ್ಯ ಲಕ್ಷಣಗಳು: ಕೂತೂ ನಿಂತೂ ಕೆಲಸ ಮಾಡಲು ಎತ್ತರ ಬದಲಿಸಬಹುದಾದ ಮೇಜು, ಕೈಯೂರಿ ಏಳಲು ತೋಳಿರುವ ಕುರ್ಚಿ, ಫೋನ್ ಮಾತಿಗೆ ಪುಟ್ಟ ಮುಚ್ಚಿದ ಕೋಣೆ, ಏಕಾಗ್ರತೆಗೆ ನಿಶ್ಶಬ್ದ ಮೂಲೆ, ತಂಡದ ಚರ್ಚೆಗೆ ದೊಡ್ಡ ಮೇಜು. ನಲವತ್ತು ದಾಟಿದ ಕಣ್ಣಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ವಯಸ್ಸಾದಂತೆ ಹೆಚ್ಚು ಬೆಳಕು ಬೇಕಾಗುತ್ತದೆ. ಇಡೀ ಚಾವಣಿಯ ದೀಪ ಏರಿಸಿದರೆ ಪಕ್ಕದವರ ಕಂಪ್ಯೂಟರ್ ಪರದೆ ಹೊಳೆಯುವುದರಿಂದ ಪ್ರತಿ ಮೇಜಿಗೂ ಬೇರೆ ದೀಪ ಇಡಲಾಗುತ್ತದೆ.

ಒಂದೇ ಜಾಗವನ್ನು ಬೇರೆ ಬೇರೆ ಅಗತ್ಯದ ಜನ ಬಳಸುವ ಹಂಚಿಕೊಂಡ ಕಚೇರಿಗೆ ಟೊರಾಂಟೊದ ಉದಾಹರಣೆ, 2004ರಲ್ಲಿ ಸ್ಪಡೈನಾ ಅವೆನ್ಯೂದ ರಾಬರ್ಟ್‌ಸನ್ ಕಟ್ಟಡದಲ್ಲಿ ಆರಂಭವಾದ ಸೆಂಟರ್ ಫಾರ್ ಸೋಷಿಯಲ್ ಇನ್ನೋವೇಶನ್. ಅಲ್ಲಿ ಹಲವು ಸಂಸ್ಥೆಗಳು ಸಭಾಕೊಠಡಿ, ಅಡುಗೆಮನೆಗಳನ್ನು ಒಟ್ಟಾಗಿ ಬಳಸಿದವು. 2020ರ ಕೋವಿಡ್ ನಂತರ ವಾರದ ಕೆಲವೇ ದಿನ ಕಚೇರಿಗೆ ಬರುವ ಪದ್ಧತಿ ಹರಡಿ, ಹಲವೆಡೆ ಸ್ವಂತ ಮೇಜಿನ ಬದಲು ಮುಂಗಡ ಕಾಯ್ದಿರಿಸುವ ಮೇಜು ಮತ್ತು ಲಾಕರ್ ಬಂದವು.