ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್
ಇಂಗ್ಲಿಷ್ ಲೇಖಕಿ ಸುಸಾನಾ ಕ್ಲಾರ್ಕ್‌ಳ ಮೊದಲ ಕಾದಂಬರಿ (2004). 2005ರ ಹ್ಯೂಗೋ ಪ್ರಶಸ್ತಿ ಪಡೆಯಿತು. ನೆಪೋಲಿಯನ್ ಯುದ್ಧಗಳ ಕಾಲದ ಇಂಗ್ಲೆಂಡಿನಲ್ಲಿ, ಬಳಕೆ ತಪ್ಪಿದ್ದ ಮಾಂತ್ರಿಕ ವಿದ್ಯೆಯನ್ನು ಇಬ್ಬರು ಮತ್ತೆ ಚಾಲ್ತಿಗೆ ತರುವುದು ಕಥಾವಸ್ತು. ಗ್ರಂಥಗಳನ್ನೆಲ್ಲ ಬಚ್ಚಿಟ್ಟುಕೊಳ್ಳುವ ನಾರೆಲ್‌ಗೆ ಈ ವಿದ್ಯೆ ಸರ್ಕಾರದ ಮರ್ಯಾದಸ್ಥ ಸೇವೆ. ಶಿಷ್ಯ ಸ್ಟ್ರೇಂಜ್ ಐಬೀರಿಯದ ರಣರಂಗದಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಸೈನ್ಯಕ್ಕೆ ಮಂತ್ರಬಲದಿಂದ ರಸ್ತೆಗಳನ್ನೇ ಹಾಸಿಕೊಡುತ್ತಾನೆ. ಆದರೆ ಇವರು ಹೆಮ್ಮೆಪಡುವ 'ಇಂಗ್ಲಿಷ್ ಮಾಂತ್ರಿಕತೆ'ಯ ಮೂಲಪುರುಷ ಕಾಗೆದೊರೆ ಜಾನ್ ಉಸ್ಕ್‌ಗ್ಲಾಸ್ ಯಕ್ಷಲೋಕದಲ್ಲಿ ಬೆಳೆದವನು. ಯಕ್ಷರ ದಂಡಿನೊಂದಿಗೆ ಬಂದು ಉತ್ತರ ಇಂಗ್ಲೆಂಡನ್ನು ಗೆದ್ದು 300 ವರ್ಷ ಆಳಿದವನು. ಅಪ್ಪಟ ಸ್ವದೇಶಿ ಎನ್ನುವುದರ ಬುಡವೇ ಇಲ್ಲಿ ಅಲುಗಾಡುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಲೆಕ್ಕ ಬಯಲಾಗುವುದು ಮಾತ್ರ ಬಟ್ಲರ್ ಸ್ಟೀಫನ್ ಬ್ಲ್ಯಾಕ್‌ನ ಕಥೆಯಲ್ಲಿ: ಗುಲಾಮ ತಾಯಿಯ ಮಗನಾಗಿ ಹಡಗಿನಲ್ಲಿ ಹುಟ್ಟಿದ ಇವನು ಕೊನೆಗೆ ಯಕ್ಷರಾಜ್ಯವೊಂದರ ಅರಸನಾಗುತ್ತಾನೆ. ಹುಸಿ ಪಾಂಡಿತ್ಯದ ಅಡಿಟಿಪ್ಪಣಿಗಳು ವಿಪುಲ. ಕೆಲವಂತೂ ಮುಖ್ಯ ಕಥೆಗಿಂತ ಸೊಗಸು. 2015ರಲ್ಲಿ ಬಿಬಿಸಿ ಇದನ್ನು ಏಳು ಕಂತುಗಳ ಧಾರಾವಾಹಿಯಾಗಿ ಪ್ರಸಾರ ಮಾಡಿತು.